ಬೈದರೆ ನಾವೇ ಬೈಯಬೇಕು

2017ರ ಬೇಸಿಗೆಯಲ್ಲಿ ಐರ್ಲೆಂಡಿನ ಲಿಮರಿಕ್ ನಗರದಲ್ಲಿ, ಶ್ಯಾನನ್ ನದಿಯ ದಂಡೆಯ ಮೇಲೆ ಒಂದು ಕಂಚಿನ ಪ್ರತಿಮೆ ಎದ್ದಿತು. ಬಿಬಿಸಿಯ ಮೈಕಿನ ಹಿಂದೆ ಕೂತು ದಶಕಗಳ ಕಾಲ ಇಂಗ್ಲಿಷರನ್ನು ಬರೀ ಮಾತಿನಲ್ಲೇ ಹಿಡಿದಿಟ್ಟ ಟೆರ್ರಿ ವೋಗನ್ ಹುಟ್ಟಿದ್ದು ಇದೇ ಊರಿನಲ್ಲಿ. ಮಗನಿಗೆ ತವರು ಸಲ್ಲಿಸಿದ ಮರ್ಯಾದೆ ಅದು. ಪ್ರತಿಮೆಯ ಅನಾವರಣವಾದದ್ದೇ ತಡ, ‘ಯಾರಪ್ಪ ಈ ಪುಣ್ಯಾತ್ಮ?’ ಎಂಬ ಪ್ರಶ್ನೆ ಎದ್ದಿತು. ಹೋಲಿಕೆಯೇ ಇಲ್ಲ ಎಂದು ಊರು ನಕ್ಕಿತು. ಸುದ್ದಿ ಸಮುದ್ರ ದಾಟಿ ಬ್ರಿಟಿಷ್ ಪತ್ರಿಕೆಗಳೂ ನಗತೊಡಗಿದವು. ಲಿಮರಿಕ್ಕಿನ ಗುಣ ಬಲ್ಲವರಿಗೆ ಈ ಎರಡು ನಗೆಗಳ ವ್ಯತ್ಯಾಸ ಗೊತ್ತು. ಊರಿನವನು ನಕ್ಕರೆ ಅದು ಹಕ್ಕು, ಹೊರಗಿನವನು ನಕ್ಕರೆ ಅಧಿಕಪ್ರಸಂಗ.

ಪ್ರತಿಮೆಗಳ ವಿಷಯದಲ್ಲಿ ಈ ಊರಿಗೆ ಒಂದು ಕೈ ಧಾರಾಳವೇ. ಬೆಡ್‌ಫರ್ಡ್ ರೋ ಬೀದಿಯಲ್ಲಿ ನಟ ರಿಚರ್ಡ್ ಹ್ಯಾರಿಸ್ ‘ಕ್ಯಾಮೆಲಾಟ್’ ಚಿತ್ರದ ಆರ್ಥರ್ ಮಹಾರಾಜನ ವೇಷದಲ್ಲೇ ನಿಂತಿದ್ದಾರೆ. ಸಾಮಾನು ಕೊಳ್ಳಲು ಬಂದವರ ನಡುವೆ ಒಬ್ಬ ರಾಜ. ಹ್ಯಾರಿಸ್‌ಗೆ ಊರೆಂದರೆ ಪ್ರಾಣ, ಊರಿನ ರಗ್ಬಿಯೆಂದರೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು.

ಜನಸಂಖ್ಯೆಯ ಲೆಕ್ಕದಲ್ಲಿ ಲಿಮರಿಕ್ ಐರಿಷ್ ಗಣರಾಜ್ಯದ ಮೂರನೆಯ ದೊಡ್ಡ ನಗರ. 2022ರ ಜನಗಣತಿಯ ಪ್ರಕಾರ ಹೊರವಲಯವೂ ಸೇರಿ ಒಂದು ಲಕ್ಷದ ಎರಡು ಸಾವಿರ ಚಿಲ್ಲರೆ ಮಂದಿ. ಮೂರನೆಯದಾಗಿರುವುದು ಕಷ್ಟದ ಕೆಲಸ. ಡಬ್ಲಿನ್‌ಗೆ ರಾಜಧಾನಿಯೆಂಬ ಪಟ್ಟವಿದೆ. ಕಾರ್ಕ್‌ನವರು ನಿಜವಾದ ರಾಜಧಾನಿ ತಮ್ಮದೇ ಎಂದು ಹೇಳಿಕೊಂಡು ಆರಾಮವಾಗಿದ್ದಾರೆ. ಲಿಮರಿಕ್‌ಗಿಂತ ಚಿಕ್ಕದಾದ ಗಾಲ್ವೇಗೆ ಪ್ರವಾಸಿಗಳ ಪ್ರೀತಿ ದಂಡಿಯಾಗಿದೆ. ಲಿಮರಿಕ್‌ಗೆ ದಕ್ಕಿದ್ದು ಜಗತ್ತಿನ ಮಕ್ಕಳೆಲ್ಲ ಹಾಡುವ ಐದು ಸಾಲಿನ ತುಂಟ ಪದ್ಯದ ಹೆಸರು. ಆ ಹೆಸರು ಅದಕ್ಕೆ ಹೇಗೆ ಅಂಟಿತೆಂಬುದರ ಮೇಲೂ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಊರಿನ ಲಾಂಛನದಲ್ಲಿರುವ ಲ್ಯಾಟಿನ್ ಧ್ಯೇಯವಾಕ್ಯ ವರ್ಜಿಲ್ ಕವಿಯಿಂದ ತಂದ ಎರವಲು. ಹಳೆಯ ನಗರ, ಕಾಳಗದಲ್ಲಿ ಬಲು ಗಡಸು ಎಂಬುದು ಅದರ ತಾತ್ಪರ್ಯ. ಆದರೆ ವರ್ಜಿಲ್ ಹಾಗೆಂದದ್ದು ಕಾರ್ಥೇಜ್ ಬಗ್ಗೆ, ರೋಮನ್ನರು ಕೊನೆಗೆ ಹಾಳುಗೆಡವಿದ ಊರಿನ ಬಗ್ಗೆ. ಇದನ್ನು ಆರಿಸಿದವರಿಗೆ ಒಂದೋ ಚರಿತ್ರೆ ಗೊತ್ತಿರಲಿಲ್ಲ, ಇಲ್ಲವೇ ಚೆನ್ನಾಗಿಯೇ ಗೊತ್ತಿತ್ತು. ಯಾಕೆಂದರೆ ಲಿಮರಿಕ್ ಹೆಮ್ಮೆಪಡುವ ದೊಡ್ಡ ಕಾಳಗ ಕೂಡ ಸೋತದ್ದೇ. 1690ರಲ್ಲಿ ಮೂರನೆಯ ವಿಲಿಯಂ ದೊರೆಯ ಸೈನ್ಯ ಮುತ್ತಿಗೆ ಹಾಕಿ ಬರಿಗೈಯಲ್ಲಿ ಹಿಂದಿರುಗಿತು. ಮರುವರ್ಷ ಮತ್ತೆ ಬಂತು. ಆ ವರ್ಷದ ಅಕ್ಟೋಬರ್ 3ರಂದು ಒಪ್ಪಂದಕ್ಕೆ ಸಹಿ ಬಿತ್ತು. ಊರಿನ ಪರ ಕಾದಿದ ಸೇನಾನಿ ಪ್ಯಾಟ್ರಿಕ್ ಸಾರ್ಸ್‌ಫೀಲ್ಡ್ ತನ್ನ ಸಾವಿರಾರು ಸೈನಿಕರೊಂದಿಗೆ ಫ್ರಾನ್ಸಿಗೆ ಹಡಗು ಹತ್ತಿದ. ಒಪ್ಪಂದದಲ್ಲಿ ಕ್ಯಾಥೊಲಿಕರಿಗೆ ಕೊಟ್ಟ ಮಾತು ಕೆಲವೇ ವರ್ಷಗಳಲ್ಲಿ ಮುರಿಯಿತು.

ಆ ಸಹಿ ಒಂದು ಕಲ್ಲಿನ ಮೇಲೆ ಬಿತ್ತು ಎಂಬುದು ಪ್ರತೀತಿ. ಕಿಂಗ್ ಜಾನ್ಸ್ ಕೋಟೆಯ ಎದುರು ದಂಡೆಯಲ್ಲಿ ಆ ಸುಣ್ಣಕಲ್ಲು ಇಂದಿಗೂ ಇದೆ. ಕುದುರೆ ಹತ್ತಲು ಮೆಟ್ಟಿಲಾಗಿದ್ದ ಕಲ್ಲು ಅದಾಗಿತ್ತಂತೆ. ಚರಿತ್ರಕಾರರು ಈ ಕಥೆಗೆ ತಲೆಯಾಡಿಸುವುದು ಅನುಮಾನದಿಂದ. ಊರು ಮಾತ್ರ ಅದನ್ನೇ ಗುರುತಾಗಿಸಿಕೊಂಡು ತನ್ನನ್ನು ‘ಟ್ರೀಟಿ ಸಿಟಿ’ ಎಂದು ಕರೆದುಕೊಂಡಿತು. ಬಂದುಹೋದವರು ನೆನಪಿಗೆಂದು ಚೂರುಚೂರೇ ಕಲ್ಲನ್ನು ಕೆತ್ತಿಕೊಂಡು ಒಯ್ಯತೊಡಗಿದಾಗ, 1865ರಲ್ಲಿ ಅದನ್ನು ಕೈಗೆಟುಕದಂತೆ ಎತ್ತರದ ಪೀಠದ ಮೇಲೆ ಏರಿಸಿದರು. ಎದುರು ಪಕ್ಷ ಮುರಿದ ಒಪ್ಪಂದಕ್ಕೆ ಇಷ್ಟೊಂದು ಮರ್ಯಾದೆ ಬೇರೆಲ್ಲಿಯಾದರೂ ಸಿಕ್ಕೀತೆ?

ಇಂಥ ಊರಿಗೆ 1996ರಲ್ಲಿ ನ್ಯೂಯಾರ್ಕಿನಿಂದ ಒಂದು ಪುಸ್ತಕ ಬಂದು ಅಪ್ಪಳಿಸಿತು. ‘ಏಂಜೆಲಾಸ್ ಆ್ಯಶಸ್’. ಬರೆದವರು ಫ್ರ್ಯಾಂಕ್ ಮೆಕೋರ್ಟ್. ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಬಾಲ್ಯವನ್ನು ಲಿಮರಿಕ್ಕಿನ ಗಲ್ಲಿಗಳಲ್ಲಿ ಕಳೆದು, 1949ರಲ್ಲಿ ಅಮೆರಿಕೆಗೆ ಮರಳಿ, ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು. ಅರವತ್ತು ದಾಟಿದ ಮೇಲೆ ಬಾಲ್ಯದ ಕಥೆ ಬರೆದರು. ಕುಡುಕ ಅಪ್ಪ, ಸತ್ತುಹೋದ ತಮ್ಮಂದಿರು ತಂಗಿ, ಇಡೀ ಗಲ್ಲಿಗೆ ಒಂದೇ ಕಕ್ಕಸು, ಒದ್ದೆ ಗೋಡೆ, ಬಾಗಿಲು ಮುಚ್ಚುವ ಪಾದ್ರಿ, ಇವೆಲ್ಲದರ ಮೇಲೆ ಎಡೆಬಿಡದ ಮಳೆ. ಮರುವರ್ಷ ಪುಲಿಟ್ಜರ್ ಬಹುಮಾನ ಬಂತು. ಜಗತ್ತು ಕಣ್ಣೊರೆಸಿಕೊಂಡಿತು. ಲಿಮರಿಕ್ ಹಲ್ಲು ಕಡಿಯಿತು.

ಆಕ್ಷೇಪ ಒಂದೆರಡಲ್ಲ. ಬಡತನ ಇತ್ತು ನಿಜ, ಆದರೆ ಗಲ್ಲಿಯಲ್ಲಿ ಹಾಡೂ ಇತ್ತು, ಬ್ಯಾಂಡೂ ಇತ್ತು, ನೆರೆಹೊರೆಯ ಕರುಣೆಯೂ ಇತ್ತು, ಅದೆಲ್ಲ ಎಲ್ಲಿ ಹೋಯಿತು ಎಂದು ಕೆಲವರು ಕೇಳಿದರು. ಹೆತ್ತ ತಾಯಿಯ ಬಗ್ಗೆ ಹೀಗೆಲ್ಲ ಬರೆಯುವುದುಂಟೆ ಎಂದು ಇನ್ನು ಕೆಲವರು. ಸ್ಥಳೀಯ ರೇಡಿಯೋದಲ್ಲಿ ದಿನಗಟ್ಟಲೆ ಜಗಳ ನಡೆಯಿತು. ಊರಿನ ಹಳೆಯ ಪುಸ್ತಕದಂಗಡಿ ಓಮಹೋನೀಸ್‌ನಲ್ಲಿ ಮೆಕೋರ್ಟ್ ಓದುಗರಿಗೆ ಸಹಿ ಹಾಕಿಕೊಡುತ್ತಿದ್ದಾಗ ಹಳೆಯ ಸಹಪಾಠಿಯೊಬ್ಬರು ಬಂದು ಅವರ ಕಣ್ಣೆದುರೇ ಪುಸ್ತಕ ಹರಿದರು. ರಿಚರ್ಡ್ ಹ್ಯಾರಿಸ್ ಕೂಡ ಬಹಿರಂಗವಾಗಿ ಹರಿಹಾಯ್ದರು. ಹ್ಯಾರಿಸ್ ಹಿಟ್ಟಿನ ಗಿರಣಿಯ ಮಾಲೀಕರ ಮನೆಯ ಹುಡುಗ, ಮೆಕೋರ್ಟ್ ಗಲ್ಲಿಯ ಹುಡುಗ. ಇಬ್ಬರೂ ಹುಟ್ಟಿದ್ದು 1930ರಲ್ಲೇ. ಊರು ಒಂದೇ ಆದರೂ ಇಬ್ಬರು ಕಂಡ ಬೀದಿಗಳು ಬೇರೆ. ಈ ಜಗಳದ ಅರ್ಧ ಗುಟ್ಟು ಇಲ್ಲೇ ಇರಬೇಕು. ಗಲ್ಲಿಯಲ್ಲೇ ಬೆಳೆದವರಲ್ಲಿ ಕೆಲವರು, ಕೊನೆಗೂ ಒಬ್ಬ ನಮ್ಮ ಕಥೆ ಹೇಳಿದನಲ್ಲ ಎಂದು ಮೆಕೋರ್ಟ್ ಪರ ನಿಂತರು. ಲಿಮರಿಕ್ ವಿಶ್ವವಿದ್ಯಾಲಯ 1997ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಮಳೆಯ ವಿಷಯದಲ್ಲಿ ಮಾತ್ರ ಊರಿನವರ ದೂರಿನಲ್ಲಿ ಹುರುಳಿದೆ. ಹತ್ತಿರದ ಶ್ಯಾನನ್ ವಿಮಾನ ನಿಲ್ದಾಣದ ಮಾಪಕದಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆ ದಾಖಲಾಗುತ್ತದೆ. ಕಾರ್ಕ್ ವಿಮಾನ ನಿಲ್ದಾಣದಲ್ಲಿ ಅದು 1,200 ದಾಟುತ್ತದೆ. ಆಗುಂಬೆಯವರಿಗೆ ಇದೊಂದು ಮಳೆಯೇ ಅಲ್ಲ, ಅವರಲ್ಲಿ ಇದರ ಏಳು ಪಟ್ಟು ಸುರಿಯುತ್ತದೆ. ಆದರೆ ಲಿಮರಿಕ್ಕಿನದು ಧೋ ಎಂದು ಸುರಿದು ಬಿಡುವ ಮಳೆಯಲ್ಲ; ಸಾಲಗಾರನ ಹಾಗೆ ದಿನಾ ಬಾಗಿಲಿಗೆ ಬಂದು ನಿಲ್ಲುವ ಜಿಟಿಜಿಟಿ. 1999ರಲ್ಲಿ ಅಲನ್ ಪಾರ್ಕರ್ ಈ ಪುಸ್ತಕವನ್ನು ಸಿನಿಮಾ ಮಾಡಿದಾಗ, ಲಿಮರಿಕ್ಕಿನ ಹಳೆಯ ಗಲ್ಲಿಗಳು ಅಷ್ಟರಲ್ಲಿ ಅಳಿದುಹೋಗಿದ್ದವು. ಬೀದಿಯ ಎಷ್ಟೋ ದೃಶ್ಯಗಳನ್ನು ಕಾರ್ಕ್‌ನಲ್ಲಿ ಚಿತ್ರೀಕರಿಸಿದರು. ಲಿಮರಿಕ್ಕಿನ ದಾರಿದ್ರ್ಯ ತೋರಿಸಲು ಕಾರ್ಕ್ ಬೇಕಾಯಿತು ಎಂಬ ಈ ಸಂಗತಿಯ ರುಚಿ ಆ ಎರಡೂ ಊರುಗಳ ನಡುವಿನ ಹಗೆತನ ಗೊತ್ತಿದ್ದವರಿಗೇ ಹೆಚ್ಚು.

ಕೋಪ ಆರಿದ ಮೇಲೆ ವ್ಯಾಪಾರ ಶುರುವಾಯಿತು. ಪುಸ್ತಕದ ಜಾಡು ಹಿಡಿದು ಪ್ರವಾಸಿಗಳನ್ನು ಬೀದಿ ಬೀದಿ ನಡೆಸುವ ಕಾಯಕ ಹುಟ್ಟಿತು. ಮೆಕೋರ್ಟ್ ಓದಿದ ಲೀಮೀಸ್ ಶಾಲೆಯ ಕಟ್ಟಡದಲ್ಲಿ 2011ರಲ್ಲಿ ಅವರ ಹೆಸರಿನ ಮ್ಯೂಸಿಯಂ ತೆರೆಯಿತು.

ಊರು ತಾನಾಗಿ ಬಾಯಿಬಿಡದ ಕಥೆಗಳೂ ಇವೆ. 1904ರಲ್ಲಿ ಜಾನ್ ಕ್ರೇ ಎಂಬ ಪಾದ್ರಿ ಪ್ರವಚನ ಪೀಠದಿಂದಲೇ ಯಹೂದಿಗಳ ವಿರುದ್ಧ ಕಿಡಿ ಕಾರಿದರು. ಕಂತಿನ ಮೇಲೆ ಬಟ್ಟೆಬರೆ ಮಾರಿ ಬದುಕುತ್ತಿದ್ದ ಪುಟ್ಟ ಸಮುದಾಯದ ಮೇಲೆ ಕಲ್ಲು ಬಿತ್ತು, ಬಹಿಷ್ಕಾರ ಬಿತ್ತು, ಕುಟುಂಬಗಳು ಊರು ಬಿಟ್ಟವು. ಇದನ್ನು ಬಹಿಷ್ಕಾರ ಎನ್ನಬೇಕೋ ನರಬೇಟೆ ಎನ್ನಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. 1970ರಲ್ಲಿ ಊರಿನ ಮೇಯರೇ ಆ ಪಾದ್ರಿಯನ್ನು ಸಮರ್ಥಿಸಿ ಮಾತಾಡಿ ದೇಶದ ತುಂಬ ಗದ್ದಲವೆಬ್ಬಿಸಿದರು. ಪಾಳುಬಿದ್ದಿದ್ದ ಯಹೂದಿಗಳ ರುದ್ರಭೂಮಿಯನ್ನು ಸ್ಥಳೀಯ ಸಿವಿಕ್ ಟ್ರಸ್ಟ್ 1990ರಲ್ಲಿ ದುರಸ್ತಿ ಮಾಡಿಸಿತು. ಅದಕ್ಕೆ ಹೋಲಿಸಿದರೆ 1919ರ ಏಪ್ರಿಲ್ ಹೇಳಿಕೊಳ್ಳಲು ಸುಲಭ. ಬ್ರಿಟಿಷ್ ಸೈನ್ಯ ಊರಿನೊಳಗೆ ಬರಲು ಹೋಗಲು ಪಾಸು ಕಡ್ಡಾಯ ಮಾಡಿದಾಗ ಕಾರ್ಮಿಕರು ಮುಷ್ಕರ ಹೂಡಿ, ಎರಡು ವಾರ ಕಾಲ ಊರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಆಹಾರದ ಬೆಲೆ ಗೊತ್ತುಪಡಿಸಿದರು, ತಮ್ಮದೇ ನೋಟು ಅಚ್ಚು ಹಾಕಿದರು. ಅಟ್ಲಾಂಟಿಕ್ ದಾಟಲು ಹೊರಟ ವಿಮಾನದ ಸುದ್ದಿಗೆಂದು ಬಂದಿದ್ದ ವಿದೇಶಿ ಪತ್ರಕರ್ತರಿಗೆ ಅದಕ್ಕಿಂತ ದೊಡ್ಡ ಸುದ್ದಿ ಪುಕ್ಕಟೆಯಾಗಿ ಸಿಕ್ಕಿತು. ‘ಲಿಮರಿಕ್ ಸೋವಿಯತ್’ ಎಂಬ ಹೆಸರು ನಿಂತಿತು.

1980ರ ದಶಕದಿಂದ ಊರಿಗೆ ಇನ್ನೊಂದು ಹೆಸರು ಅಂಟಿತು: ‘ಸ್ಟ್ಯಾಬ್ ಸಿಟಿ’, ಚೂರಿ ಹಾಕುವವರ ಊರು. ಹೊಸ ಶತಮಾನದ ಮೊದಲ ದಶಕದಲ್ಲಿ ಮಾದಕವಸ್ತುವಿನ ತಂಡಗಳ ಹಗೆತನ ಬೀದಿಗೆ ಬಿದ್ದು ಹೆಣಗಳುರುಳಿದವು. 2008ರಲ್ಲಿ ಇದಕ್ಕೆಲ್ಲ ಯಾವ ಸಂಬಂಧವೂ ಇಲ್ಲದ ಒಬ್ಬ ರಗ್ಬಿ ಆಟಗಾರನನ್ನು ಬೇರೆ ಯಾರೋ ಎಂದು ತಪ್ಪಾಗಿ ತಿಳಿದು ಕೊಂದರು. ಅದಾದ ಎರಡು ತಿಂಗಳಿಗೆ ಡೆಲ್ ಕಂಪನಿ ತನ್ನ ತಯಾರಿಕಾ ಘಟಕವನ್ನು ಪೋಲೆಂಡಿಗೆ ಸಾಗಿಸುವುದಾಗಿ ಘೋಷಿಸಿತು. 1,900 ಕೆಲಸಗಳು ಹೋದವು. ಡಬ್ಲಿನ್ ಪತ್ರಿಕೆಗಳಲ್ಲಿ ಲಿಮರಿಕ್ ಎಂದರೆ ಮೊಯ್‌ರಾಸ್, ಸೌತ್‌ಹಿಲ್ ಎಂಬ ಬಡಾವಣೆಗಳ ಸುಟ್ಟ ಮನೆಗಳ ಚಿತ್ರ ಎಂದಾಯಿತು. ಊರಿನವರು ಕೂಗಿ ಹೇಳಿದರು: ಜಗಳವಿರುವುದು ನಾಲ್ಕು ಕೇರಿಗಳಲ್ಲಿ, ನಾಲ್ಕು ಮನೆತನಗಳ ನಡುವೆ. ಆದರೆ ಆ ನಾಲ್ಕು ಕೇರಿಗಳೂ ಊರೇ ಅಲ್ಲವೇ? ಈ ಪ್ರಶ್ನೆಗೆ ಹೆಮ್ಮೆಯ ಬಳಿ ಉತ್ತರವಿರಲಿಲ್ಲ.

ಉತ್ತರ ಬಂದದ್ದು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ ಇಬ್ಬರಿಂದ. ‘ರಬರ್‌ಬ್ಯಾಂಡಿಟ್ಸ್’ ಎಂಬ ಈ ಜೋಡಿ ಲಿಮರಿಕ್ಕಿನ ಕೇರಿಯ ಉಚ್ಚಾರವನ್ನೇ ಬಂಡವಾಳ ಮಾಡಿಕೊಂಡು 2010ರ ಕ್ರಿಸ್‌ಮಸ್ ಹೊತ್ತಿಗೆ ‘ಹಾರ್ಸ್ ಔಟ್‌ಸೈಡ್’ ಎಂಬ ಹಾಡು ಬಿಟ್ಟಿತು. ಕಾರುಗಳ ಗೊಡವೆಯೇ ಬೇಡ, ಆಚೆ ನನ್ನ ಕುದುರೆ ನಿಂತಿದೆ ಎಂದು ಹುಡುಗಿಯನ್ನು ಒಲಿಸಿಕೊಳ್ಳುವವನ ಹಾಡು. ದೇಶವೆಲ್ಲ ಗುನುಗಿತು. ಮರ್ಯಾದಸ್ಥರು ಇದರಿಂದ ಊರಿನ ಮಾನ ಇನ್ನಷ್ಟು ಹೋಯಿತೆಂದು ಮುಖ ಸಿಂಡರಿಸಿದರು. ಹುಡುಗರಿಗೆ ಮಾತ್ರ, ಬೈಗುಳವನ್ನೇ ಹಾಡಿಕೊಂಡು ಕುಣಿಯಬಹುದೆಂದು ಗೊತ್ತಾಯಿತು.

ಒಮ್ಮತ ಬೇಕೆಂದರೆ ಥೋಮಂಡ್ ಪಾರ್ಕ್ ರಗ್ಬಿ ಮೈದಾನಕ್ಕೆ ಹೋಗಬೇಕು. ಡಬ್ಲಿನ್‌ನಲ್ಲಿ ರಗ್ಬಿ ಎಂದರೆ ದುಬಾರಿ ಶಾಲೆಗಳ ಆಟ. ಲಿಮರಿಕ್‌ನಲ್ಲಿ ಬಂದರು ಕೂಲಿಯೂ ಡಾಕ್ಟರೂ ಒಂದೇ ತಂಡದಲ್ಲಿ ಆಡಿದ್ದಾರೆ. 1978ರ ಅಕ್ಟೋಬರ್ 31ರಂದು ಲಿಮರಿಕ್, ಕಾರ್ಕ್ ಎರಡೂ ಸೇರಿದ ಮನ್‌ಸ್ಟರ್ ಪ್ರಾಂತದ ತಂಡ ನ್ಯೂಜಿಲೆಂಡಿನ ‘ಆಲ್ ಬ್ಲ್ಯಾಕ್ಸ್’ ಅನ್ನು ಇಲ್ಲಿ 12–0 ಅಂತರದಿಂದ ಸೋಲಿಸಿತು. ಅಂದು ಮೈದಾನದಲ್ಲಿದ್ದವರು ಸುಮಾರು 12,000. ನಾನೂ ಅಲ್ಲಿದ್ದೆ ಎನ್ನುವವರನ್ನು ಎಣಿಸಿದರೆ ಲಕ್ಷವಾದೀತೆಂಬುದು ಊರಿನದೇ ಹಾಸ್ಯ. 1999ರಲ್ಲಿ ಜಾನ್ ಬ್ರೀನ್ ಅದರ ಮೇಲೆ ‘ಅಲೋನ್ ಇಟ್ ಸ್ಟ್ಯಾಂಡ್ಸ್’ ಎಂಬ ನಾಟಕವನ್ನೇ ಬರೆದರು. ಅಂದಿನ ತಂಡದ ಕೋಚ್ ಟಾಮ್ ಕಿಯರ್ನನ್ ಕಾರ್ಕ್‌ನವರು, ಒಂದೇ ಒಂದು ಟ್ರೈ ಗಳಿಸಿದ ಕ್ರಿಸ್ಟಿ ಕ್ಯಾಂಟಿಲನ್ ಆಡುತ್ತಿದ್ದುದೂ ಕಾರ್ಕ್ ಕ್ಲಬ್ಬಿಗೆ. ಈ ವಿವರ ಲಿಮರಿಕ್ಕಿನ ಪಬ್ಬುಗಳಲ್ಲಿ ಸ್ವಲ್ಪ ಮೆಲುದನಿಯಲ್ಲಿ ಬರುತ್ತದೆ. ಎದುರಾಳಿ ಚೆಂಡನ್ನು ಕಂಬಗಳ ನಡುವೆ ಒದೆಯಲು ನಿಂತಾಗ ಇಡೀ ಮೈದಾನ ಉಸಿರು ಬಿಗಿಹಿಡಿದು ಸುಮ್ಮನಾಗುವುದು ಇಲ್ಲಿನ ಸಂಪ್ರದಾಯ. ಸೌಜನ್ಯವೆಂದು ಊರು ಹೇಳುತ್ತದೆ. ಒದೆಯಬೇಕಾದವನಿಗೆ ಕೂಗಾಟಕ್ಕಿಂತ ಈ ಮೌನವೇ ಹೆಚ್ಚು ಕಾಡುತ್ತದೆಂಬುದೂ ಊರಿಗೆ ಗೊತ್ತು.

ಹರ್ಲಿಂಗ್ ಆಟದಲ್ಲಿ 1973ರ ನಂತರ 45 ವರ್ಷ ಕಾದು 2018ರಲ್ಲಿ ಅಖಿಲ ಐರ್ಲೆಂಡ್ ಕಪ್ ಬಂತು. ಆ ಸಂಜೆ ಪಂದ್ಯ ನಡೆದ ಕ್ರೋಕ್ ಪಾರ್ಕ್ ಮೈದಾನದ ಧ್ವನಿವರ್ಧಕದಲ್ಲಿ ‘ಕ್ರ್ಯಾನ್‌ಬೆರೀಸ್’ ತಂಡದ ‘ಡ್ರೀಮ್ಸ್’ ಮೊಳಗಿತು. ಅದನ್ನು ಹಾಡಿದ ಲಿಮರಿಕ್ ಸೀಮೆಯ ಡೊಲೊರೆಸ್ ಓರಿಯೋರ್ಡನ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಆಮೇಲೆ 2020ರಿಂದ ಸತತ ನಾಲ್ಕು ವರ್ಷ ಕಪ್ ಲಿಮರಿಕ್‌ನದೇ. ಸೋಲಿನಲ್ಲಿ ಪಳಗಿದ ಊರಿಗೆ ಇಷ್ಟೊಂದು ಗೆಲುವನ್ನು ಏನು ಮಾಡಬೇಕೆಂದು ತಿಳಿಯಲು ಸ್ವಲ್ಪ ಸಮಯ ಹಿಡಿದಿರಬೇಕು.

ಊರಿನ ಮೇರೆ ಎಲ್ಲಿ ಎಂಬುದರಲ್ಲೂ ತಕರಾರಿದೆ. ನಗರ ಉತ್ತರಕ್ಕೆ ಬೆಳೆದು ಕ್ಲೇರ್ ಕೌಂಟಿಯೊಳಗೆ ಕಾಲಿಟ್ಟಿದೆ. ವೆಸ್ಟ್‌ಬರಿಯಂಥ ಬಡಾವಣೆಯವರು ಸಂತೆಗೆ, ಕೆಲಸಕ್ಕೆ ಬರುವುದು ಲಿಮರಿಕ್‌ಗೆ. ಕಾಗದಪತ್ರದಲ್ಲಿ ಅವರು ಕ್ಲೇರ್‌ನವರು. ವಿಶ್ವವಿದ್ಯಾಲಯದ ಕ್ಯಾಂಪಸ್ ಕೂಡ ನದಿಯ ಎರಡೂ ದಂಡೆಗೆ ಹರಡಿದ್ದರಿಂದ ವಿದ್ಯಾರ್ಥಿಗಳು ಸೇತುವೆ ದಾಟಿದರೆ ಕೌಂಟಿ ಬದಲಾಗುತ್ತದೆ. ಗಡಿ ಸರಿಸುವ ಮಾತೆತ್ತಿದರೆ ಕ್ಲೇರ್‌ನವರ ಕಣ್ಣು ಕೆಂಪಾಗುತ್ತದೆ. ಹರ್ಲಿಂಗ್‌ನಲ್ಲಿ ಕ್ಲೇರ್ ಬದ್ಧ ವೈರಿ. ಮಗ ಯಾವ ಬಣ್ಣದ ಅಂಗಿ ತೊಡಬೇಕೆಂಬುದು ಅಲ್ಲಿ ಪುರಸಭೆಯ ತೆರಿಗೆಗಿಂತ ದೊಡ್ಡ ವಿಷಯ.

ಸರ್ಕಾರ ಲಿಮರಿಕ್ಕನ್ನು 2014ರ ಸಾಲಿಗೆ ದೇಶದ ಮೊದಲ ‘ಸಂಸ್ಕೃತಿ ನಗರ’ವೆಂದು ಹೆಸರಿಸಿತು. ವರ್ಷ ಆರಂಭವಾಗುವ ಹೊತ್ತಿಗೇ ಕಲಾ ನಿರ್ದೇಶಕರೂ ಮುಖ್ಯಾಧಿಕಾರಿಯೂ ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ಮದುವೆಮನೆಯಲ್ಲಿ ಪುರೋಹಿತರೂ ಅಡುಗೆಯವರೂ ಎದ್ದುಹೋದಂತಾಯಿತು. ಆದರೂ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ‘ರಾಯಲ್ ದ ಲಕ್ಸ್’ ತಂಡದ ದೈತ್ಯ ಅಜ್ಜಿ ಗೊಂಬೆ ಬೀದಿಗಿಳಿದಾಗ ಲಕ್ಷಾಂತರ ಜನ ನೆರೆದರು. ಹುರುಪಿನಲ್ಲಿ ಊರು 2020ರ ಯೂರೋಪಿನ ಸಾಂಸ್ಕೃತಿಕ ರಾಜಧಾನಿ ಪಟ್ಟಕ್ಕೂ ಅರ್ಜಿ ಹಾಕಿತು. ಪಟ್ಟ ಗಾಲ್ವೇಗೆ ಹೋಯಿತು. ಗಾಲ್ವೇಯ ಆ ವರ್ಷ ಕೋವಿಡ್‌ನಲ್ಲಿ ಕೊಚ್ಚಿಹೋಯಿತು. ಲಿಮರಿಕ್‌ನಲ್ಲಿ ಯಾರೂ ನಗಲಿಲ್ಲವೆಂದು ಪ್ರಮಾಣ ಮಾಡುವುದು ಕಷ್ಟ.

2019ರ ಮೇ ತಿಂಗಳಲ್ಲಿ ಕಾರ್ಕ್, ವಾಟರ್‌ಫರ್ಡ್, ಲಿಮರಿಕ್ ಮೂರೂ ಕಡೆ ಜನರಿಗೆ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಮೇಯರ್‌ನನ್ನು ನೀವೇ ನೇರವಾಗಿ ಆರಿಸುತ್ತೀರಾ? ಕಾರ್ಕ್ ಮತ್ತು ವಾಟರ್‌ಫರ್ಡ್ ಕೂದಲೆಳೆಯ ಅಂತರದಲ್ಲಿ ಬೇಡವೆಂದವು. ಲಿಮರಿಕ್ ಹೂಂ ಎಂದಿತು. ಕಾನೂನು ಆಗಿ ಚುನಾವಣೆ ನಡೆಯಲು ಐದು ವರ್ಷ ಹಿಡಿಯಿತು. 2024ರ ಜೂನ್‌ನಲ್ಲಿ, ಹಿಂದೆ ಹಣಕಾಸು ಇಲಾಖೆಯ ಮಹಾಕಾರ್ಯದರ್ಶಿಯಾಗಿದ್ದ ಜಾನ್ ಮೊರಾನ್ ಪಕ್ಷೇತರರಾಗಿ ಗೆದ್ದು ದೇಶದ ಮೊದಲ ನೇರ ಚುನಾಯಿತ ಮೇಯರ್ ಆದರು. ಡಬ್ಲಿನ್‌ಗೂ ಇಲ್ಲದ್ದು, ಕಾರ್ಕ್‌ಗೂ ಇಲ್ಲದ್ದು ಲಿಮರಿಕ್‌ಗೆ ಬಂತು. ಹೆಮ್ಮೆಗೆ ಇಷ್ಟು ಸಾಕಾಗಿತ್ತು. ಇನ್ನು ಮೇಯರ್‌ಗೆ ಎಷ್ಟು ಅಧಿಕಾರ, ಕೌನ್ಸಿಲರ್‌ಗಳಿಗೆ ಎಷ್ಟು, ಅಧಿಕಾರಿಗಳಿಗೆ ಎಷ್ಟು ಎಂಬ ಹಗ್ಗಜಗ್ಗಾಟ ಶುರುವಾಗಿದೆ. ನಗರದ ಬೀದಿಗಳಲ್ಲಿ ಕಾರಿಗೆ ಎಷ್ಟು ಜಾಗ, ಸೈಕಲ್ಲಿಗೆ ಎಷ್ಟು ಎಂಬುದರ ಮೇಲಿನ ವಾದ ಅದಕ್ಕಿಂತ ಹಳೆಯದು, ಮತ್ತು ಅದರಲ್ಲಿ ಎರಡೂ ಕಡೆಯವರು ಊರಿನ ಒಳಿತಿಗಾಗಿಯೇ ಗಂಟಲು ಹರಿದುಕೊಳ್ಳುತ್ತಿದ್ದಾರೆ.