ಮೊಮ್ಮಗನ ಹಾಪರು

ಕಳೆದ ಬೇಸಗೆಯಲ್ಲಿ ನಾವು ಅಮೆರಿಕಾ ದೇಶದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹದಿಮೂರು ವರ್ಷದ ಮೊಮ್ಮಗನು ಒಂದು ಬೆಳಿಗ್ಗೆ ಬಂದು, “ತಾತ, ಪೇಂಟ್‌ಬಾಲ್ ಆಟಕ್ಕೆ ಹಾಪರು ಕೊಳ್ಳಬೇಕು. ಅಮ್ಮನ ಜೊತೆ ನೀವೂ ಬನ್ನಿ” ಎಂದನು. ಮೂವತ್ತು ವರ್ಷ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಈ ಶಬ್ದವು ಹೊಸದು.

ವಾಚಕರಲ್ಲಿಯೂ ಕೆಲವರಿಗೆ ಹೊಸದಾಗಿರಬಹುದು. ಜೆಲಟಿನ್ನಿನ ತೆಳುಚಿಪ್ಪಿನೊಳಗೆ ಬಣ್ಣವನ್ನು ತುಂಬಿದ ಗುಳಿಗೆಯನ್ನು ಗಾಳಿಯ ಒತ್ತಡದ ಕೋವಿಯಿಂದ ಎದುರಾಳಿಯ ಮೇಲೆ ಹಾರಿಸುವುದೇ ಆಟ. ಬಣ್ಣ ತಗುಲಿದವನು ಹೊರಗೆ. ಮರಗಳಿಗೂ ದನಗಳಿಗೂ ಗುರುತು ಹಾಕಲು ಹುಟ್ಟಿದ ಈ ಸಾಧನವನ್ನು ಹಿಡಿದು ೧೯೮೧ನೆಯ ಜೂನ್ ತಿಂಗಳಲ್ಲಿ ಹನ್ನೆರಡು ಮಂದಿ ಇದೇ ಸಂಸ್ಥಾನದ ಹೆನ್ನಿಕರ್ ಎಂಬ ಊರಿನ ಕಾಡಿನಲ್ಲಿ ಮೊದಲ ಆಟವನ್ನಾಡಿದರಂತೆ. ಹಾಪರೆಂದರೆ ಕೋವಿಯ ತಲೆಯ ಮೇಲೆ ಕೂರುವ ಗುಳಿಗೆಯ ಡಬ್ಬಿ. ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿಯುವ ಬಾಯಿಯನ್ನು ನೆನೆದರೆ ಸಾಕು.

ಅಂಗಡಿಯಲ್ಲಿ ಎರಡು ಬಗೆಯವನ್ನು ಕಂಡೆವು. ಒಂದು ಬರಿಯ ಡಬ್ಬಿ. ಸುಮಾರು ೨೦೦ ಗುಳಿಗೆ ಹಿಡಿಯುತ್ತದೆ, ಅವು ತಮ್ಮ ಭಾರದಿಂದಲೇ ಕೆಳಗಿಳಿಯುತ್ತವೆ, ಬೆಲೆಯೂ ಅತ್ಯಲ್ಪ. ಆದರೆ ಕೊರಳಿನ ಬಳಿ ಗುಳಿಗೆಗಳು ಒಂದನ್ನೊಂದು ಒತ್ತಿ ಕಮಾನು ಕಟ್ಟಿದಂತೆ ನಿಂತುಬಿಡುವುದುಂಟು; ಆಗ ಕೋವಿಯನ್ನು ಅಲ್ಲಾಡಿಸಬೇಕು. ಇನ್ನೊಂದರಲ್ಲಿ ಬ್ಯಾಟರಿಯಿಂದ ತಿರುಗುವ ರೆಕ್ಕೆಯೊಂದು ಗುಳಿಗೆಗಳನ್ನು ಕದಡುತ್ತಿರುತ್ತದೆ. ಬಾಲಕನ ದೃಷ್ಟಿಯೆಲ್ಲ ಇದರ ಮೇಲೆಯೇ. ನೆರೆಯವರ ಹುಲ್ಲು ಕತ್ತರಿಸಿ ಕೂಡಿಸಿದ ೭೦ ಡಾಲರಿನಲ್ಲಿ ಬಹುಪಾಲು ಅದಕ್ಕೇ ಸಲ್ಲುತ್ತಿತ್ತು.

ಅವನ ಕೋವಿಯೋ ಯಾರೋ ಬಳಸಿ ಬಿಟ್ಟದ್ದು, ಒಮ್ಮೆ ಒತ್ತಿದರೆ ಒಂದೇ ಗುಳಿಗೆ. ಅತಿವೇಗವಾಗಿ ಹಾರಿಸುವ ಕೋವಿಗೆ ಗುಳಿಗೆ ತಡವಾಗಿ ಇಳಿದರೆ ಅರ್ಧ ಒಳಹೊಕ್ಕ ಗುಳಿಗೆ ಕತ್ತರಿಸಿ ಬಣ್ಣವೆಲ್ಲ ನಳಿಗೆಯೊಳಗೇ ಚೆಲ್ಲುತ್ತದೆ. ರೆಕ್ಕೆ ಬೇಕಾದದ್ದು ಅಲ್ಲಿ. ಇವನಿಗೇತಕ್ಕೆ? ಕೊರಳು ಕೋವಿಗೆ ಹೊಂದಬೇಕು, ಮುಚ್ಚಳ ಬೆರಳಿನಿಂದ ಸುಲಭವಾಗಿ ತೆರೆಯಬೇಕು, ಎಷ್ಟು ಗುಳಿಗೆ ಉಳಿದಿದೆಯೆಂಬುದು ಹೊರಗಿನಿಂದ ಕಾಣುವಂತಿದ್ದರೆ ಲೇಸು. ಇಷ್ಟೇ ಎಂದು ಹೇಳಿದೆವು. ಅವನು ಒಪ್ಪಲಿಲ್ಲ.

ನಮ್ಮ ಮನಸ್ಸು ಹಾಪರಿನ ಮೇಲಿರಲಿಲ್ಲ. ಕೋವಿಯ ಜೊತೆಗೆ ಬಂದ ಅವನ ಮುಖವಾಡದ ಪರದೆಯಲ್ಲಿ ಕೂದಲೆಳೆಯಷ್ಟು ಬಿರುಕನ್ನು ಹಿಂದಿನ ದಿನವೇ ನೋಡಿದ್ದೆವು. ಆ ಗುಳಿಗೆಗಳು ಸೆಕೆಂಡಿಗೆ ೩೦೦ ಅಡಿಯವರೆಗಿನ ವೇಗದಲ್ಲಿ ಬರುತ್ತವೆ.

ಬಹಳ ಹಿಂದೆ ಶಾಲೆಯ ಅಂಗಳದಲ್ಲಿ ಚಿಣ್ಣಿದಾಂಡು ಆಡುತ್ತಿದ್ದ ಹುಡುಗನೊಬ್ಬನಿಗೆ ಚಿಣ್ಣಿ ಬಡಿದು ಎಡಗಣ್ಣು ಹೋಯಿತು. ಅಂದು ಆಟ ನೋಡಿಕೊಳ್ಳುವ ಸರದಿ ನಮ್ಮದು. ನಾವು ಜಗುಲಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆವು. ಈ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಅಂಗಡಿಯಲ್ಲಿ ನಿಂತು ಮೊಮ್ಮಗನಿಗೆ ಹೇಳಿದೆವು. ಮಗಳೂ ಕೇಳಿಸಿಕೊಂಡಳು. ಹುಡುಗನು ರೆಕ್ಕೆಯ ಹಾಪರನ್ನು ಸದ್ದಿಲ್ಲದೆ ಸ್ವಸ್ಥಾನದಲ್ಲಿರಿಸಿ, ಬರಿಯ ಡಬ್ಬಿಯನ್ನೂ ಹೊಸ ಮುಖವಾಡವನ್ನೂ ಕೊಂಡನು.

ಮುಂದಿನ ಶನಿವಾರ ಬಲೆಯ ಹೊರಗೆ ನಿಂತು ಆಟ ನೋಡಿದೆವು. ಗುಳಿಗೆ ಮೂರು ಸಲ ಸಿಕ್ಕಿಕೊಂಡಿತು. ಮೂರನೆಯ ಸಲ ಅವನು ಕೋವಿಯನ್ನು ಅಲ್ಲಾಡಿಸುತ್ತಿರುವಷ್ಟರಲ್ಲಿ ಹಳದಿ ಬಣ್ಣವು ಪರದೆಯ ನಟ್ಟನಡುವೆ ಸಿಡಿಯಿತು. ಈಚೆಗೆ ಬಂದು ಮುಖವಾಡ ತೆಗೆದು, “ನೋಡಿದಿರಾ ತಾತ, ಆ ಹಾಪರು ಇದ್ದಿದ್ದರೆ ನಾನು ಔಟಾಗುತ್ತಿರಲಿಲ್ಲ” ಎಂದು ಗೊಣಗಿದನು. ನಾವು ಪಂಚೆಯ ತುದಿಯಿಂದ ಪರದೆಯನ್ನು ಒರಸಿಕೊಟ್ಟೆವು.