ಎರಡೂ ಕಡೆ ಕೆಂಪು ನಿಶಾನಿ

ಯುದ್ಧ ಬಂಡವಾಳಶಾಹಿಯ ಕೂಸು, ದುಡಿಯುವವರ ಕೈಗೆ ಅಧಿಕಾರ ಬಂದರೆ ಗಡಿಜಗಳವೇ ಇರುವುದಿಲ್ಲ. 1999ರ ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದ ಯೂನಿಯನ್ ಕೋಣೆಯೊಂದರಲ್ಲಿ ನಾನು ಹೇಳುತ್ತಿದ್ದ ಪಾಠ ಇದು. ಕೇಳಲು ಬರುತ್ತಿದ್ದವರಲ್ಲಿ ಬೀದರ್, ಗುಲ್ಬರ್ಗ ಕಡೆಯವರೇ ಹೆಚ್ಚು, ಹಾಗಾಗಿ ಪಾಠವೂ ಕನ್ನಡದಲ್ಲೇ.

ಭಾಲ್ಕಿ ಕಡೆಯ ಹುಡುಗನೊಬ್ಬ ಲೇತ್ ಕೆಲಸ ಮುಗಿಸಿ ನೆಟ್ಟಗೆ ಬರುತ್ತಿದ್ದ, ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಹಾಗೇ ಇರುತ್ತಿತ್ತು. ಅವನ ಅಣ್ಣ ಫೌಜಿನಲ್ಲಿದ್ದ. "ಸರ್, ಚೀನಾದ್ದೂ ಕೆಂಪು ನಿಶಾನಿ, ವಿಯೆಟ್ನಾಂದೂ ಕೆಂಪು ನಿಶಾನಿ. ಮತ್ತ ಅವರವರೇ ಯಾಕ ಬಡದಾಡಿದ್ರು?" ಎಂದು ಕೇಳಿದ.

ಚೀನಾದ ನಾಯಕರು ದಾರಿ ತಪ್ಪಿದ್ದರು ಎಂದುಬಿಟ್ಟೆ. ಅದು ಉತ್ತರವಲ್ಲವೆಂದು ಹೇಳುವಾಗಲೇ ನನಗೆ ಗೊತ್ತಿತ್ತು. 1969ರಲ್ಲಿ ಉಸ್ಸೂರಿ ನದಿಯ ಒಂದು ದ್ವೀಪಕ್ಕಾಗಿ ಸೋವಿಯತ್ ಮತ್ತು ಚೀನೀ ಸೈನಿಕರು ಸತ್ತದ್ದನ್ನೂ ಓದಿದ್ದೆ, ಬಾಯಿ ಬಿಡಲಿಲ್ಲ. ಹುಡುಗ ಮತ್ತೆ ಬರಲಿಲ್ಲ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರೇ ಬಿಟ್ಟರು, ಪಾಠ ನಿಂತುಹೋಯಿತು.

ಪ್ರಭುತ್ವ ಒಂದು ವರ್ಗದ ಆಯುಧ, ವರ್ಗ ಬದಲಾದರೆ ಅದರ ಗುಣವೂ ಬದಲಾಗುತ್ತದೆ ಎಂದು ನಾವು ಕಲಿತಿದ್ದೆವು. ಆದರೆ ಪ್ರಭುತ್ವಕ್ಕೆ ಗಡಿಯಿದೆ, ಸೈನ್ಯವಿದೆ, ನೆರೆಯವನ ಭಯವಿದೆ. ಕಾರ್ಖಾನೆಯ ಒಡೆತನ ಬದಲಾದ ಮಾತ್ರಕ್ಕೆ ಇವು ಹೋಗುವುದಿಲ್ಲ. 1979ರ ಫೆಬ್ರವರಿ 17ರಂದು ಸೈನ್ಯ ವಿಯೆಟ್ನಾಂಗೆ ನುಗ್ಗುವ ಮುಂಚೆ ಚೀನಾದ ಯಾವ ರೈತನನ್ನೂ ಯಾರೂ ಕೇಳಿರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ವಿಯೆಟ್ನಾಂ ಕಾಂಬೋಡಿಯಾಕ್ಕೆ ನುಗ್ಗಿದಾಗಲೂ ಅಷ್ಟೇ. ಅಲ್ಲಿ ಆಳುತ್ತಿದ್ದ ಪೋಲ್ ಪಾಟ್‌ನ ಕ್ರೌರ್ಯ ಕೊನೆಗೊಂಡದ್ದು ಆ ದಾಳಿಯಿಂದಲೇ ಎಂಬುದನ್ನು ನಾನು ಮರೆತಿಲ್ಲ. ಕಾರ್ಖಾನೆ ಯಾರದು ಎಂದು ಜೀವಮಾನವಿಡೀ ಕೇಳಿದ ನಮಗೆ, ಯುದ್ಧದ ತೀರ್ಮಾನ ಯಾರದು ಎಂದು ಕೇಳಬೇಕೆನಿಸಲೇ ಇಲ್ಲ.

ಈ ಕುರುಡು ಹಳೆಯದು. ಯುದ್ಧವನ್ನು ತಡೆಯುತ್ತೇವೆಂದು 1907ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಠರಾವು ಮಾಡಿದವರಲ್ಲಿ ಜರ್ಮನಿಯ ಸಮಾಜವಾದಿಗಳೂ ಇದ್ದರು. 1914ರ ಆಗಸ್ಟ್ 3ರಂದು ಅವರದೇ ಸಂಸದರು ಬಾಗಿಲು ಹಾಕಿಕೊಂಡು ಕೂತು, 78 ಮತಗಳಿಗೆ 14ರಂತೆ, ಯುದ್ಧದ ಸಾಲಕ್ಕೆ ಒಪ್ಪಿದರು. ಆ 14 ಜನರಲ್ಲಿ ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬರು. ಮರುದಿನ ಸಂಸತ್ತಿನಲ್ಲಿ ಅವರೂ ಪಕ್ಷದ ಶಿಸ್ತಿಗೆ ಕಟ್ಟುಬಿದ್ದು ಪರವಾಗಿ ಮತ ಹಾಕಿದರು. ಡಿಸೆಂಬರ್ 2ರಂದು ಮಾತ್ರ ಶಿಸ್ತು ಮುರಿದು ಒಬ್ಬರೇ ವಿರೋಧಿಸಿದರು.

ನಾಚಾರಂನಲ್ಲಿ ನಾನು ಕೊಟ್ಟದ್ದೂ ಪಕ್ಷದ ಶಿಸ್ತಿನ ಉತ್ತರವೇ. ಗೊತ್ತಿಲ್ಲ, ಕೂಡಿ ಓದೋಣ ಎಂದಿದ್ದರೆ ಆ ಕೋಣೆಯಲ್ಲಿ ನಿಜವಾದ ಚರ್ಚೆ ಶುರುವಾಗುತ್ತಿತ್ತು. ಅಣ್ಣನನ್ನು ಫೌಜಿಗೆ ಕಳಿಸಿದ್ದ ಹುಡುಗನ ಹತ್ತಿರ ನನಗಿಂತ ಹೆಚ್ಚು ಹೇಳುವುದಿತ್ತು.