ಇಳಿಯುವ ಸೀಟು, ತೆಂಗಿನ ನಾಡು

ತುಮಕೂರಿನಿಂದ ಶಿವಮೊಗ್ಗದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ತಿಪಟೂರು ಇನ್ನೂ ದೂರವಿರುವಾಗಲೇ, ಕಿಬ್ಬನಹಳ್ಳಿ ಕ್ರಾಸ್ ಎಂಬ ನಾಲ್ಕು ದಾರಿಗಳ ಕೂಡುನೆಲ ಸಿಗುತ್ತದೆ. ಬಸ್ಸಿನ ಪ್ರಯಾಣಿಕರಿಗೆ ಅದು ಕಾಫಿಗೆ ಇಳಿಯುವ ಜಾಗ. ಸೈಕಲ್ ತುಳಿದುಕೊಂಡು ಬಂದವನಿಗೆ ಮಾತ್ರ ಅಲ್ಲೊಂದು ಆಯ್ಕೆಯ ಕಷ್ಟ ಎದುರಾಗುತ್ತದೆ. ನೇರವಾಗಿ ಹೋದರೆ ತಿಪಟೂರು, ಎಡಕ್ಕೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ. ಮೂರು ಕಡೆಯೂ ಕಣ್ಣಿಗೆ ತುಂಬುವುದು ತೆಂಗೇ. ಆದರೆ ಕಾಲಿಗೆ ಸಿಗುವ ನೆಲ ಒಂದೇ ಅಲ್ಲ. ಎಡದ ಹಾದಿ ಕೆರೆಗಳನ್ನೂ ಹೊಯ್ಸಳರ ಗುಡಿಗಳನ್ನೂ ತೋರಿಸುತ್ತ ಸೌಮ್ಯವಾಗಿ ಸಾಗುತ್ತದೆ. ಬಲದ ಹಾದಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳನ್ನು ಒಡಲಲ್ಲಿಟ್ಟುಕೊಂಡ ಕೆಮ್ಮಣ್ಣಿನ ಗುಡ್ಡಗಳತ್ತ ಒಯ್ಯುತ್ತದೆ.

ಆ ಬಲದ ಹಾದಿಯ ಮೇಲೆ ನನಗೊಂದು ಹಳೆಯ ಹಗೆ ಇತ್ತು. ಕಳೆದ ವರ್ಷ ಮದಲಿಂಗನ ಕಣಿವೆಯನ್ನು ನೋಡಿಕೊಂಡು ಬರಲು ಹೋದವನು (ಆ ಹೆಸರಿನ ಹಿಂದಿನ ಕಥೆಯನ್ನು ಹೇಳಹೊರಟರೆ ಈ ಲೇಖನ ಬೇರೆಯೇ ಆದೀತು) ಒಂದು ಗುಡ್ಡದ ಕಲ್ಲುಹಾದಿಯಲ್ಲಿ ಇಳಿಯುವಾಗ ಹ್ಯಾಂಡಲ್ಲಿನ ಮೇಲಿಂದ ಹಾರಿ ಮುಂದಕ್ಕೆ ಬಿದ್ದೆ. ಸೈಕಲ್ಲಿಗೆ ಏನೂ ಆಗಲಿಲ್ಲ. ನನ್ನ ಎಡಗೈ ಮಾತ್ರ ಆರು ವಾರ ಕೊರಳಿಗೆ ಜೋತುಬಿದ್ದಿತ್ತು. ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯಲು ಬಲಗೈ ಉಳಿದಿತ್ತಾದ್ದರಿಂದ ವಿದ್ಯಾರ್ಥಿಗಳಿಗೆ ರಜೆಯ ಲಾಭವೂ ಆಗಲಿಲ್ಲ. ಮನೆಯಾಕೆ ಹೇಳಿದ್ದು ಒಂದೇ ಮಾತು: "ನೀವು ಸೈಕಲ್ ಬಿಡಿ ಎನ್ನುವುದಿಲ್ಲ. ಆದರೆ ಯಾತಕ್ಕೆ ಬಿದ್ದಿರಿ ಎಂದು ತಿಳಿದುಕೊಳ್ಳುವವರೆಗೂ ಗುಡ್ಡದ ಕಡೆ ಹೋಗಬೇಡಿ."

ಬಿದ್ದದ್ದು ಯಾತಕ್ಕೆಂಬುದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಏರುವಾಗ ಸೀಟು ಎತ್ತರವಾಗಿರಬೇಕು. ಪೆಡಲ್ ಕೆಳಕ್ಕೆ ಹೋದಾಗ ಮೊಣಕಾಲು ಹೆಚ್ಚುಕಡಿಮೆ ಚಾಚಿಕೊಂಡರೆ ಮಾತ್ರ ತೊಡೆಯ ಬಲವೆಲ್ಲ ಚಕ್ರಕ್ಕೆ ಸಲ್ಲುತ್ತದೆ. ಇಳಿಯುವಾಗಿನ ನ್ಯಾಯ ಅದಕ್ಕೆ ವಿರುದ್ಧ. ಇಳಿಜಾರಿನಲ್ಲಿ ಮೈಭಾರ ತಾನಾಗಿಯೇ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಸವಾರ ಪೆಡಲುಗಳ ಮೇಲೆ ನಿಂತು, ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ಒಯ್ದು ಅದನ್ನು ಸರಿದೂಗಿಸಬೇಕು. ಸೀಟು ಎತ್ತರದಲ್ಲೇ ನಿಂತಿದ್ದರೆ ಸೊಂಟಕ್ಕೆ ಎಡೆಯೆಲ್ಲಿ? ಅಂದು ಕಲ್ಲೊಂದಕ್ಕೆ ಹಿಂದಿನ ಚಕ್ರ ಎಗರಿದಾಗ ಸೀಟೇ ನನ್ನನ್ನು ಹಿಂದಿನಿಂದ ಒದ್ದಿತ್ತು.

ಈ ತೊಡಕಿಗೆ ಪರಿಹಾರವೂ ಉಂಟು. ಡ್ರಾಪರ್ ಸೀಟ್‌ಪೋಸ್ಟ್ ಎಂದು ಅದರ ಹೆಸರು. ಕನ್ನಡದಲ್ಲಿ 'ಇಳಿಗಂಬ' ಎನ್ನೋಣವೆಂದು ನನಗೆ ಆಸೆ. ಅಂಗಡಿಯಲ್ಲಿ ಹಾಗೆ ಕೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ. ಹ್ಯಾಂಡಲ್ಲಿನ ಬಳಿ ಹೆಬ್ಬೆರಳಿಗೊಂದು ಸನ್ನೆ ಇರುತ್ತದೆ. ಅದನ್ನು ಒತ್ತಿ ಕುಳಿತರೆ ಸೀಟು ಕೆಳಗಿಳಿಯುತ್ತದೆ. ಮೈಭಾರ ತೆಗೆದು ಮತ್ತೆ ಒತ್ತಿದರೆ ಮೇಲೇಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬೆಟ್ಟದ ಸೈಕಲ್ಲು ರೂಪುಗೊಂಡ ಕಾಲದಲ್ಲಿ ಮುಂದಾಳಾಗಿದ್ದ ಜೋ ಬ್ರೀಜ್ ಎಂಬವರು 1980ರ ದಶಕದಲ್ಲಿ ಗೆಳೆಯರೊಬ್ಬರ ಜೊತೆ 'ಹೈಟ್ ರೈಟ್' ಎಂಬ ಸ್ಪ್ರಿಂಗೊಂದನ್ನು ತಂದರು. ಸೀಟಿನ ಬಿಗಿತ ಸಡಿಲಿಸಿದರೆ ಆ ಸ್ಪ್ರಿಂಗು ಸೀಟನ್ನು ಹಳೆಯ ಎತ್ತರಕ್ಕೆ ಎತ್ತಿಕೊಡುತ್ತಿತ್ತು. ಇಂದಿನ ಡ್ರಾಪರಿಗೆ ಅದು ಅಜ್ಜ. ಈಗ ಬೆಟ್ಟದ ಸವಾರರಷ್ಟೇ ಇದನ್ನು ಬಳಸುತ್ತಾರೆಂದೂ ಅಲ್ಲ. 2022ರ ಮಾರ್ಚ್‌ನಲ್ಲಿ ಇಟಲಿಯ ಮಿಲಾನ್-ಸಾನ್ ರೆಮೊ ಪಂದ್ಯದ ಕೊನೆಯ ಇಳಿಜಾರಿನಲ್ಲಿ ಸ್ಲೊವೇನಿಯದ ಮತೇಯ್ ಮೊಹೊರಿಚ್ ಡಾಂಬರು ರಸ್ತೆಯ ಸೈಕಲ್ಲಿಗೇ ಡ್ರಾಪರ್ ಜೋಡಿಸಿಕೊಂಡು ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು.

ಕೊಳ್ಳುವುದೆಂದು ನಿಶ್ಚಯವಾಯಿತು. ಆದರೆ ಎಷ್ಟು ಇಳಿಯುವುದನ್ನು ಕೊಳ್ಳಬೇಕು? 100 ಮಿಲಿಮೀಟರಿನಿಂದ 200ರ ಆಚೆಯವರೆಗೂ ಅಳತೆಗಳಿವೆ. ನನ್ನ ಸೋದರಳಿಯ, ಎಂಜಿನಿಯರಿಂಗ್ ಓದುವ ಹುಡುಗ, "200 ತಗೊಳ್ಳಿ ಮಾವ, ಹೆಚ್ಚು ಇಳಿದಷ್ಟೂ ಒಳ್ಳೆಯದು" ಎಂದ. ದಸರೆಯ ರಜೆಗೆ ಇಬ್ಬರೂ ಸೈಕಲ್ಲಿನೊಡನೆ ನೊಣವಿನಕೆರೆಯ ಬಳಿಯ ದೊಡ್ಡಪ್ಪನವರ ತೋಟದ ಮನೆಗೆ ಹೋದಾಗ ಈ ಚರ್ಚೆ ಅವರ ಅಂಗಳಕ್ಕೂ ಬಂದಿತು.

ಆ ಮನೆಯ ಅಟ್ಟದ ವಿಷಯ ಇಲ್ಲಿ ಹೇಳದೆ ಇರಲಾರೆ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿ ಹುಟ್ಟುವುದು ಇಂಥ ಅಟ್ಟಗಳಲ್ಲಿಯೇ. ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಕೂಡಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಸದ್ದಾಗುತ್ತದೆ. ದೊಡ್ಡಪ್ಪ ಕಿವಿಯ ಬಳಿ ಹಿಡಿದು ಒಮ್ಮೆ ಕುಲುಕಿದರೆ ಸಾಕು. ಇದು ಸುಲಿಯಬಹುದು, ಇದಕ್ಕಿನ್ನೂ ತಿಂಗಳು ಬೇಕು ಎಂದು ತೀರ್ಮಾನ ಕೊಡುತ್ತಾರೆ. ಒಡೆದು ನೋಡುವ ಹಾಗಿಲ್ಲ. ಒಡೆದರೆ ಉಂಡೆ ಹೋಯಿತು.

ಅಂಗಳದಲ್ಲಿ ನಾವು ಅಳೆಯತೊಡಗಿದೆವು. ಮೊದಲು ಸೀಟನ್ನು ತುಳಿಯಲು ತಕ್ಕ ಎತ್ತರಕ್ಕೆ ನಿಲ್ಲಿಸಿ, ಚೌಕಟ್ಟಿನ ಕೊಳವೆಯ ಬಾಯಿಂದ ಸೀಟಿನ ಅಡಿಯ ಕಂಬಿಗಳವರೆಗೆ ಅಳತೆ ಹಿಡಿದೆವು: 230 ಮಿಲಿಮೀಟರ್. ಡ್ರಾಪರಿನ ಇಳಿತವೊಂದೇ ಅಷ್ಟರಲ್ಲಿ ಹಿಡಿದರೆ ಸಾಲದು. ಅದರ ತಲೆ, ಕೊರಳು ಸೇರಿ ಇನ್ನೂ ನಾಲ್ಕೈದು ಸೆಂಟಿಮೀಟರ್ ಬೇಡುತ್ತವೆ. ಹುಡುಗನ 200 ಅಲ್ಲಿಯೇ ಬಿದ್ದುಹೋಯಿತು. ಅದನ್ನು ಹಾಕಿದ್ದರೆ ಕೊಳವೆಯೊಳಕ್ಕೆ ಪೂರ್ತಿ ತಳ್ಳಿದರೂ ಸೀಟು ಒಂದೂವರೆ ಸೆಂಟಿಮೀಟರ್ ಹೆಚ್ಚು ಎತ್ತರವಾಗಿ, ಪೆಡಲ್ ತುಳಿಯಲು ನಾನು ಬೆರಳ ತುದಿಯಲ್ಲಿ ನಿಲ್ಲಬೇಕಾಗುತ್ತಿತ್ತು. 170 ಹಿಡಿಯುತ್ತದೆಂದಾಯಿತು. ಹುಡುಗನ ಮುಖ ಸ್ವಲ್ಪ ಬಾಡಿದರೂ 170 ಕೂಡ ಮರ್ಯಾದೆಯ ಸಂಖ್ಯೆಯೇ ಎಂದು ಸಮಾಧಾನಪಟ್ಟುಕೊಂಡ.

ಇನ್ನು ಉಳಿದದ್ದು ಕೊಳವೆಯ ಆಳ. ಡ್ರಾಪರು ಮೇಲೆ ಎಷ್ಟು ಚಾಚುತ್ತದೋ ಅದಕ್ಕೆ ತಕ್ಕಂತೆ ಒಳಗೂ ಉದ್ದವಾಗಿರುತ್ತದೆ. ನಾವು ಆರಿಸಿದ್ದ 170ರದಕ್ಕೆ ಕೊಳವೆಯೊಳಗೆ 245 ಮಿಲಿಮೀಟರ್ ತೆರಪು ಬೇಕಿತ್ತು. ಸೀಟನ್ನು ಕಳಚಿದ ಹುಡುಗ ಪೊರಕೆಯಿಂದ ತೆಂಗಿನ ಕಡ್ಡಿಯೊಂದನ್ನು ಎಳೆದು ಒಳಗೆ ಇಳಿಬಿಟ್ಟು, ಗುರುತು ಮಾಡಿ, "290! ಧಾರಾಳವಾಗಿ ಹಿಡಿಯುತ್ತೆ" ಎಂದು ಸಾರಿದ. ದುಡ್ಡು ಕಳುಹಿಸಲು ನಾನು ಫೋನು ಕೈಗೆತ್ತಿಕೊಂಡೂ ಆಗಿತ್ತು.

ದೊಡ್ಡಪ್ಪ ಅಷ್ಟು ಹೊತ್ತೂ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದರು. "ಅಲ್ಲ ಮೇಷ್ಟ್ರೇ, ಒಳಕ್ಕೆ ಹೋಗೋದು ಕಡ್ಡಿಯೋ, ಕಂಬವೋ?" ಎಂದರು. "ಕಡ್ಡಿ ಎಲ್ಲಿ ಬೇಕಾದ್ರೂ ನುಸೀತದೆ. ಆ ಹಳೇ ಕಂಬಾನೇ ಬಿಟ್ಟು ನೋಡ್ರಪ್ಪ."

ಕಳಚಿದ್ದ ಹಳೆಯ ಕಂಬವನ್ನೇ ಒಳಗೆ ತಳ್ಳಿದೆವು. 235ಕ್ಕೆ ಟಕ್ಕೆಂದು ನಿಂತಿತು. ನೀರಿನ ಬಾಟಲಿಯ ಹಿಡಿಕೆಯನ್ನು ಬಿಗಿಯುವ ತಿರುಪಿನ ತಳ ಕೊಳವೆಯ ಒಳಗೋಡೆಯಿಂದ ಚಾಚಿಕೊಂಡಿತ್ತು. ತೆಳ್ಳನೆಯ ಕಡ್ಡಿ ಅದರ ಪಕ್ಕದಲ್ಲಿ ನುಸುಳಿ ನಮಗೆ ಸುಳ್ಳು ಹೇಳಿತ್ತು. 170ರದು ತಂದಿದ್ದರೆ ಒಂದು ಸೆಂಟಿಮೀಟರಿನ ದೆಸೆಯಿಂದ ನನ್ನ ಅರ್ಧ ತಿಂಗಳ ಸಂಬಳ ಅಟ್ಟ ಸೇರುತ್ತಿತ್ತು. ಕೊನೆಗೆ ತರಿಸಿದ್ದು 150ರದು. ಅದಕ್ಕೆ ಒಳಗೆ 190 ಸಾಕು. ಇನ್ನೂ ಎರಡು ಸೆಂಟಿಮೀಟರ್ ಇಳಿದಿದ್ದರೆ ಚೆನ್ನಾಗಿತ್ತೇನೋ. ಇಳಿತವನ್ನು ಗೊತ್ತುಮಾಡುವವರು ಸವಾರನ ಕಾಲು ಮತ್ತು ಸೈಕಲ್ಲಿನ ಚೌಕಟ್ಟು, ಆಸೆಯಲ್ಲ.

ಹೊಸ ಸೀಟಿನ ಮೊದಲ ಉಪಯೋಗವಾದದ್ದು ಗುಡ್ಡದಲ್ಲಲ್ಲ, ತೋಟದಲ್ಲಿ ಎಂಬುದು ನನಗೇ ಆಶ್ಚರ್ಯ. ತುರುವೇಕೆರೆಯ ಕಡೆ (ತುರು ಎಂದರೆ ಹಳಗನ್ನಡದಲ್ಲಿ ಹಸು) ತೋಟಗಳ ನಡುವಿನ ಬದುಗಳ ಮೇಲೆ ಹೋಗುವಾಗ ಎರಡು ಗೇಣಿನ ಹಾದಿ. ಒಂದು ಬದಿ ಮರದ ಪಾತಿ, ಇನ್ನೊಂದು ಬದಿ ಕಾಲುವೆ. ಅಡ್ಡ ಬಿದ್ದ ಸೋಗೆಯ ಮುಂದೆ ಥಟ್ಟನೆ ನಿಲ್ಲಬೇಕಾದಾಗ ಸೀಟು ನಾಲ್ಕು ಬೆರಳು ಇಳಿದರೂ ಪಾದ ನೆಲಕ್ಕೆ ಸಿಗುತ್ತದೆ. ಎಳೆಯ ತೆಂಗುಗಳ ಗರಿಗಳಡಿ ತಲೆ ತಗ್ಗಿಸಿ ನುಸುಳುವುದೂ ಸುಲಭ. ಈ ನೆಲಕ್ಕಷ್ಟೇ ಆದರೆ 100 ಮಿಲಿಮೀಟರ್ ಇಳಿದರೂ ಸಾಕು; ಹಣವೂ ಭಾರವೂ ಉಳಿಯುತ್ತವೆ.

ಗುಡ್ಡದ ಮಾತು ಬೇರೆ. ಕಳೆದ ತಿಂಗಳು ಮನೆಯಾಕೆಗೆ ಕಾರಣವನ್ನೂ ಪರಿಹಾರವನ್ನೂ ವಿವರಿಸಿ ಒಪ್ಪಿಗೆ ಪಡೆದು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಲಕ್ಕೆ ತಿರುಗಿದೆ. ಚಿಕ್ಕನಾಯಕನಹಳ್ಳಿ ದಾಟಿ ಅದೇ ಗುಡ್ಡವನ್ನೇರಿ, ಅದೇ ಕಲ್ಲಿನ ಮುಂದೆ ಒಂದು ನಿಮಿಷ ನಿಂತೆ. ಕೆಂಪು ಜಲ್ಲಿ, ಒಣಹುಲ್ಲು, ಕೆಳಗೆ ದೂರದಲ್ಲಿ ತೆಂಗಿನ ಹಸುರು. ಎಡಗೈ ತನ್ನಷ್ಟಕ್ಕೆ ತಾನೇ ನೋಯತೊಡಗಿತು. ಹೆಬ್ಬೆರಳಿನಿಂದ ಸನ್ನೆ ಒತ್ತಿದೆ. ಸೀಟು ಕೆಳಗೆ ಕುಳಿತಿತು. ಸೊಂಟವನ್ನು ಹಿಂದಕ್ಕೆ ಒಯ್ದು ಬ್ರೇಕು ಸಡಿಲಿಸಿದೆ. ಕಲ್ಲಿಗೆ ತಗುಲಿ ಹಿಂದಿನ ಚಕ್ರ ಈ ಸಲವೂ ಎಗರಿತು. ಒದೆಯಲು ಮಾತ್ರ ಅಲ್ಲಿ ಸೀಟಿರಲಿಲ್ಲ.

ಕೆಳಗೆ ಬಂದ ಸಂತೋಷದಲ್ಲಿ ಸೀಟನ್ನು ಮತ್ತೆ ಏರಿಸುವುದೇ ಮರೆತುಹೋಯಿತು. ಊರ ಹೊರಗಿನ ಎಳನೀರಿನ ಗಾಡಿಯವರೆಗೂ, ಮಗನ ಸೈಕಲ್ ಕಸಿದುಕೊಂಡ ತಂದೆಯಂತೆ ಮೊಣಕಾಲು ಎದೆಗೆ ತಾಗಿಸುತ್ತ ಬಂದೆ. ಗಾಡಿಯವನು ಕಾಯಿ ಕೆತ್ತುವುದನ್ನು ನಿಲ್ಲಿಸಿ, "ಸೀಟು ಕುಸಿದುಹೋಯ್ತಾ ಸಾರ್?" ಎಂದು ಮರುಕದಿಂದ ಕೇಳಿದ.